ಮೊಣಕಾಲೆತ್ತರದ ಹಾರಾಟ

ನನಗೀಗ 73. ಬ್ಯಾಂಕಿನಲ್ಲಿ 36 ವರ್ಷ ಲೆಡ್ಜರ್ ಬರೆದ ಕೈಗೆ ಈಚೆಗೆ ಸಣ್ಣ ನಡುಕ. ಆ ಕೈಗೇ ಮೊಮ್ಮಗ ರಿಮೋಟ್ ಕೊಟ್ಟು, "ಅಜ್ಜ, ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿ ನೋಡೋಣ" ಅಂದ.

ಅದು ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಎಡಗೋಲು ಏರಿಳಿಸಲು, ಬಾಲ ತಿರುಗಿಸಲು. ಬಲಗೋಲು ನಾಲ್ಕೂ ದಿಕ್ಕಿಗೆ ವಾಲಿಸಲು. ಮೊದಲ ದಿನ ಅದು ಎಡಕ್ಕೆ ವಾಲಿತು. ಗಾಬರಿಯಲ್ಲಿ ಬಲಕ್ಕೆ ಜಗ್ಗಿದೆ. ರೆಕ್ಕೆ ನೆಲಕ್ಕೆ ಬಡಿದು ಮುರಿಯಿತು. ಹುಡುಗ ತನ್ನ ಹುಂಡಿ ಒಡೆದು ಕೊಂಡದ್ದು. ಅವನೇನೂ ಅನ್ನಲಿಲ್ಲ, ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಹೊಸ ರೆಕ್ಕೆ ಹಾಕಿದೆವು. ಮಗುಚದಿರಲೆಂದು ಅಡಿಗೆ ಎರಡು ಕಡ್ಡಿ ಅಡ್ಡಡ್ಡ ಕಟ್ಟಿ, ತುದಿಗಳಿಗೆ ಪ್ಲಾಸ್ಟಿಕ್ ಚೆಂಡು ಸಿಕ್ಕಿಸಿದೆವು. ಪಕ್ಕದ ಮನೆಯವರು ನಕ್ಕರು. ನಗಲಿ! 1939ರಲ್ಲಿ ಅಮೆರಿಕದಲ್ಲಿ ಇಗೋರ್ ಸಿಕೋರ್ಸ್ಕಿ ತಮ್ಮ ವಿಎಸ್-300 ಹೆಲಿಕಾಪ್ಟರನ್ನು ಮೊದಲು ಮೇಲೆಬ್ಬಿಸಿದ್ದೂ ಅದನ್ನು ನೆಲಕ್ಕೆ ಕಟ್ಟಿಹಾಕಿಕೊಂಡೇ.

ಬಾಲ ನಮ್ಮತ್ತ ಇರಬೇಕು; ಮೂತಿ ನಮ್ಮತ್ತ ತಿರುಗಿದರೆ ಎಡ ಬಲ ಅದಲುಬದಲು. ನೆಲಕ್ಕೆ ತೀರಾ ಹತ್ತಿರವಿದ್ದರೆ ರೆಕ್ಕೆ ತಳ್ಳಿದ ಗಾಳಿಯೇ ಅದನ್ನು ಅಲೆದಾಡಿಸುತ್ತದೆ. (ಮಕ್ಕಳೇ, ರೆಕ್ಕೆ ತಿರುಗುವಾಗ ದೂರ ನಿಲ್ಲಿ. ಅದು ಕತ್ತಿಯೇ.) ಕೆಡಿಸಿದ್ದು ನನ್ನ ನಡುಕವಲ್ಲ, ಅವಸರ ಎಂದು ಆಮೇಲೆ ಗೊತ್ತಾಯಿತು. ಕೋಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕೂದಲೆಳೆಯಷ್ಟು ಒತ್ತಿ, ತಕ್ಷಣ ನಡುವಿಗೆ ತರಬೇಕು.

ಮೂರನೆಯ ವಾರ, ಗಾಳಿಯಿಲ್ಲದ ಬೆಳಗ್ಗೆ, ಅದು ಮೊಣಕಾಲೆತ್ತರದಲ್ಲಿ ನಿಂತಿತು. ಮೊಮ್ಮಗ ಎಣಿಸುತ್ತಿದ್ದ. ಹನ್ನೊಂದಕ್ಕೆ ಮೆಲ್ಲಗೆ ಇಳಿಸಿದೆ.

"ಸಾಕು ಅಜ್ಜ, ಈಗ ನನ್ನ ಸರದಿ."