ಮೊಣಕಾಲಿನ ಕೆಳಗಣ ಧಮನಿಗಳೂ ಸ್ಟೆಂಟೂ

ಹೃದಯದ ಧಮನಿಗೆ ಸ್ಟೆಂಟು ಹಾಕಿಸಿಕೊಂಡವರು ಈಗ ಬಸವಕಲ್ಯಾಣ, ಹುಮನಾಬಾದುಗಳಂಥ ಊರುಗಳಲ್ಲಿಯೂ ಅಪರೂಪವಲ್ಲ. ಅದೇ ಬಗೆಯ ಸಾಧನವನ್ನು ಮೊಣಕಾಲಿನ ಕೆಳಗಣ ಧಮನಿಗಳಲ್ಲಿಯೂ ಇರಿಸುವುದುಂಟು. ಅಲ್ಲಿ ಅದು ಫಲಿಸುವುದೇಕೆ ಕಷ್ಟ, ಫಲಿಸಿದರೆ ಎಷ್ಟರಮಟ್ಟಿಗೆ ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಮೊಣಕಾಲಿನಿಂದ ಪಾದದ ಕಡೆಗೆ ರಕ್ತವನ್ನೊಯ್ಯುವ ಮುಖ್ಯ ಧಮನಿಗಳು ಮೂರು. ಅವುಗಳ ವ್ಯಾಸ ಸುಮಾರು 2ರಿಂದ 3.5 ಮಿಲಿಮೀಟರು. ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಮುಪ್ಪು ಇವುಗಳಿಂದ ಧಮನಿಗಳು ಕಿರಿದಾದಾಗ ಮೊದಲು ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ಶಮನವಾಗುತ್ತದೆ. ಮುಂದೆ ಮಲಗಿದ್ದಾಗಲೂ ಪಾದ ನೋಯುತ್ತದೆ. ಆಗ ತೊಗರಿಯ ಹೊಲದಲ್ಲಿ ಕೂಳೆ ಚುಚ್ಚಿದ ಸಣ್ಣ ಗಾಯವೂ ಮಾಯದೆ, ಬೆರಳು ಕಪ್ಪಾಗಿ, ಕಾಲನ್ನೇ ಕತ್ತರಿಸಬೇಕಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ನರಗಳು ಜಡವಾಗಿ ನೋವೇ ತೋರದಿರುವುದುಂಟು. ಅದೇ ಹೆಚ್ಚಿನ ಅಪಾಯ.

ನಾಳದೊಳಗಿನಿಂದಲೇ ಅಡಚಣೆಯನ್ನು ಬಿಡಿಸುವ ಉಪಾಯ ಹುಟ್ಟಿದ್ದು ಕಾಲಿನಲ್ಲಿಯೇ, ಹೃದಯದಲ್ಲಲ್ಲ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಒಪ್ಪದಿದ್ದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ಧಮನಿಯನ್ನು ತಂತಿ ಮತ್ತು ಕೊಳವೆಗಳಿಂದ ಹಿಗ್ಗಿಸಿದರು. ಆಕೆಯ ಕಾಲು ಉಳಿಯಿತು. 1974ರಲ್ಲಿ ಜ್ಯೂರಿಕ್ಕಿನ ಗ್ರುಂಟ್ಸಿಗ್ ಬಲೂನನ್ನು ಬಳಕೆಗೆ ತಂದರು. ಹಿಗ್ಗಿಸಿದ ನಾಳ ಮತ್ತೆ ಕುಗ್ಗದಂತೆ ಒಳಗೆ ಆನಿಸುವ ಲೋಹದ ಜಾಲರಿಯೇ ಸ್ಟೆಂಟು.

ಇನ್ನು ತೊಡಕಿನ ವಿಷಯ. ಒತ್ತಡವೂ ಉದ್ದವೂ ಸಮನಾಗಿದ್ದರೆ ಕೊಳವೆಯಲ್ಲಿನ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂಬ ಪ್ವಾಸೆಯ ನಿಯಮ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಸ್ಟೆಂಟಿನೊಳಗೆ ಸುತ್ತಲೂ ಅರ್ಧ ಮಿಲಿಮೀಟರು ಅಂಗಾಂಶ ಬೆಳೆಯಿತೆನ್ನೋಣ. 6 ಮಿಲಿಮೀಟರಿನ ತೊಡೆಯ ಧಮನಿ 5 ಆಗಿ, ಹರಿವು ಮೊದಲಿನ ಅರ್ಧದಷ್ಟು ಉಳಿಯುತ್ತದೆ. 3 ಮಿಲಿಮೀಟರಿನ ಕೆಳಗಾಲಿನ ಧಮನಿ 2 ಆಗಿ, ಹರಿವು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ರಕ್ತವು ನೀರಿನಂತೆ ಸರಳ ದ್ರವವಲ್ಲ, ನಿಜ. ಆದರೂ ಲೆಕ್ಕದ ದಿಕ್ಕು ತಪ್ಪಲ್ಲ. ಈ ಕಾರಣದಿಂದ ಕೆಳಗಾಲಿನಲ್ಲಿ ಬರಿಯ ಲೋಹದ ಸ್ಟೆಂಟಿಗಿಂತ ಅಂಗಾಂಶದ ಬೆಳೆಯನ್ನು ತಡೆಯುವ ಔಷಧ ಲೇಪಿಸಿದುದು ಮೇಲು. ಅದೂ ಅಡಚಣೆ ಗಿಡ್ಡವಾಗಿದ್ದರೆ, ಅಥವಾ ಬಲೂನಿನಿಂದ ನಾಳದ ಒಳಪದರ ಹರಿದು ದಾರಿ ಮುಚ್ಚುವಂತಿದ್ದರೆ. ಹರಡು ಕೀಲಿನ ಹತ್ತಿರ ಜಾಲರಿ ಜಜ್ಜಿಹೋಗಬಹುದು. ಕ್ರಮೇಣ ಕರಗಿಹೋಗುವ ಆಸರೆಯೊಂದನ್ನು 261 ರೋಗಿಗಳಲ್ಲಿ ಬಲೂನಿನೊಡನೆ ಹೋಲಿಸಿದ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಕೊನೆಗೆ ನಿಗದಿತ ಫಲವನ್ನು ಪಡೆದವರು ಆಸರೆಯ ಪಕ್ಷದಲ್ಲಿ ನೂರಕ್ಕೆ 74, ಬಲೂನಿನ ಪಕ್ಷದಲ್ಲಿ 44. ಈ ಅಂತರ ಬಹುಮಟ್ಟಿಗೆ ನಾಳ ತೆರೆದಿರುವುದಕ್ಕೆ ಸಂಬಂಧಿಸಿದ್ದೆಂಬುದನ್ನು ಮರೆಯಬಾರದು.

ಸ್ಟೆಂಟು ತಿಂಗಳುಗಳ ಮೇಲೆ ಮುಚ್ಚಿಕೊಂಡರೆ ಪ್ರಯತ್ನ ವ್ಯರ್ಥವಾಯಿತೆನ್ನುವಂತಿಲ್ಲ. ಮಾಯುತ್ತಿರುವ ಗಾಯಕ್ಕೆ ಬೇಕಾಗುವಷ್ಟು ರಕ್ತ ಮಾಯ್ದ ಚರ್ಮಕ್ಕೆ ಬೇಡ. ಅಷ್ಟರಲ್ಲಿ ಗಾಯ ಮುಚ್ಚಿದ್ದರೆ ಪಾದ ಉಳಿಯಬಹುದು.

ಆದುದರಿಂದ ಕಾಲವೇ ಇಲ್ಲಿ ಮುಖ್ಯ. ಹುಮನಾಬಾದಿನ ಮೂಲಕ ಹಾದುಹೋಗುವ ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ತೆರೆಯಿತು. ಬಸವಕಲ್ಯಾಣದವರಿಗೆ ಸೊಲ್ಲಾಪುರ–ಹೈದರಾಬಾದು ಹೆದ್ದಾರಿ ಸಮೀಪದಲ್ಲಿದೆ. ದಾರಿಯುಂಟು, ಹೊರಡಬೇಕೆಂಬ ಅರಿವು ಬೇಕು. ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಲು ಯಂತ್ರ ಬೇಡ. ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಮೆ ಬಂದರೆ ಅಡಚಣೆಯುಂಟೆಂದು ತಿಳಿಯಬಹುದು. ಸಕ್ಕರೆ ಕಾಯಿಲೆಯಿಂದ ಗಡುಸಾದ ನಾಳಗಳಲ್ಲಿ ಈ ಅಂಕಿ ಸುಳ್ಳಾಗಿ ಏರುವುದರಿಂದ ಹೆಬ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ. ಅದು ಪಾದರಸದ 30 ಮಿಲಿಮೀಟರಿಗಿಂತ ಕೆಳಗಿದ್ದರೆ ಕಾಲು ಅಪಾಯದಲ್ಲಿದೆಯೆಂದರ್ಥ.

ಬೀಡಿ ಸೇದುವ ತರುಣರಲ್ಲಿ ಕಾಣುವ ಬರ್ಗರನ ರೋಗ ಬೇರೆಯೇ ಜಾತಿಯದು. ಅದರಲ್ಲಿ ನಾಳದ ಗೋಡೆಯೇ ಉರಿಯೂತಕ್ಕೆ ಈಡಾಗಿರುವುದರಿಂದ ಸ್ಟೆಂಟಿಗೆ ಹೆಚ್ಚಿನ ಅವಕಾಶವಿಲ್ಲ. ಬೀಡಿಯನ್ನು ಪೂರ್ತಿಯಾಗಿ ಬಿಡುವುದೇ ಅದರ ಮುಖ್ಯ ಚಿಕಿತ್ಸೆ.