ಸ್ಟುಡಿಯೋದೊಳಕ್ಕೆ ಬಿಸಿಲು ಇಳಿದ ಬಗೆ

1959ರಲ್ಲಿ ಬಂದ ಗುರುದತ್ತರ ‘ಕಾಗಜ್ ಕೇ ಫೂಲ್’ ನೋಡಿದವರು ಅದರ ಒಂದು ಹಾಡಿನ ದೃಶ್ಯವನ್ನು ಮರೆಯಲಾರರು. ಕತ್ತಲು ತುಂಬಿದ ಖಾಲಿ ಸ್ಟುಡಿಯೋ, ಅಲ್ಲಿ ವಹೀದಾ ರೆಹಮಾನ್ ಮತ್ತು ಗುರುದತ್ ದೂರ ದೂರ ನಿಂತಿದ್ದಾರೆ. ಗೀತಾ ದತ್ ಅವರ ದನಿ ಕೇಳುತ್ತಿದೆ. ಮೇಲಿನಿಂದ ಓರೆಯಾಗಿ ಒಂದು ದಪ್ಪ ಬೆಳಕಿನ ಕಂಬ ನೆಲಕ್ಕೆ ಇಳಿದಿದೆ. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರದಲ್ಲಿ ಆ ಬೆಳಕನ್ನು ಇಳಿಸಿದವರು ಮೈಸೂರಿನ ವಿ.ಕೆ. ಮೂರ್ತಿ.

ಮೂರ್ತಿಯವರು ಛಾಯಾಗ್ರಹಣವನ್ನು ತರಗತಿಯಲ್ಲಿ ಕೂತು ಕಲಿತವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು 1960ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಕನ್ನಡ ನಾಡಿನಲ್ಲಿ ಸಿನಿಮಾ ಕಲಿಸುವ ತರಗತಿ ನಡೆಯುತ್ತಿತ್ತು. 1951ರ ‘ಬಾಜಿ’ ಚಿತ್ರಕ್ಕೆ ಮೂರ್ತಿ ಸಹಾಯಕ ಛಾಯಾಗ್ರಾಹಕ. ಒಂದು ಕಷ್ಟದ ಶಾಟನ್ನು ತಾವೇ ಸೂಚಿಸಿ, ತಾವೇ ತೆಗೆದು ತೋರಿಸಿದರು. ಗುರುದತ್ತರಿಗೆ ಅದು ಹಿಡಿಸಿತು. ಮರುವರ್ಷದ ‘ಜಾಲ್’ ಚಿತ್ರದಿಂದ ಮೂರ್ತಿ ಅವರ ಕಾಯಂ ಛಾಯಾಗ್ರಾಹಕರಾದರು.

‘ಕಾಗಜ್ ಕೇ ಫೂಲ್’ ಹೊತ್ತಿಗೆ ಗುರುದತ್ತರಿಗೆ ಬೇಕಾಗಿದ್ದು ಸ್ಟುಡಿಯೋದೊಳಗೆ ಬಿಸಿಲಿನಂಥ ಬೆಳಕು. ಎಷ್ಟೇ ದೊಡ್ಡ ದೀಪ ಹಚ್ಚಿದರೂ ಅದು ಸಿಗುವುದಿಲ್ಲ. ದೀಪ ಹತ್ತಿರದಲ್ಲೇ ಇರುವುದರಿಂದ ಅದರ ಕಿರಣ ಮುಂದೆ ಹೋದಂತೆ ಹರಡಿಕೊಳ್ಳುತ್ತದೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ; ಅವನ ಕಿರಣಗಳು ನಮ್ಮನ್ನು ಮುಟ್ಟುವಾಗ ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ. ಬಿಸಿಲುಕೋಲಿನ ಅಂಚು ನೇರವಾಗಿ ಕಾಣುವುದು ಅದಕ್ಕೇ.

ಹಾಗಾದರೆ ಬಿಸಿಲನ್ನೇ ಒಳಗೆ ತಂದರಾಯಿತು! ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ಅದು ಒಳಗೆ ಎಸೆದ ಬಿಸಿಲನ್ನು ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿ ಹಿಡಿದು ಕೆಳಕ್ಕೆ ತಿರುಗಿಸಿತು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮೂರ್ತಿಯವರ ಬದುಕನ್ನು ಕುರಿತು ಉಮಾ ರಾವ್ ಬರೆದ ಕನ್ನಡ ಪುಸ್ತಕದ ಹೆಸರೂ ‘ಬಿಸಿಲು ಕೋಲು’.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಪ್ರೌಢಶಾಲೆ ಮಕ್ಕಳಿಗೆ ಸಿನಿಮಾ ತಯಾರಿಕೆ ಹೇಳಿಕೊಡಬೇಕೆಂದು ಯಾರಾದರೂ ಕೇಳಿದರೆ, ಈ ಕತೆಯಿಂದಲೇ ಶುರುಮಾಡಿ ಎನ್ನುತ್ತೇನೆ. ಇದರಲ್ಲಿರುವ ವಿಜ್ಞಾನ ಒಂಬತ್ತು–ಹತ್ತನೇ ತರಗತಿಯದು. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂದು ಬಾಯಿಪಾಠ ಮಾಡಿದ ಹುಡುಗಿಯೇ ಆ ಎರಡನೇ ಕನ್ನಡಿಯನ್ನು ಎಲ್ಲಿಡಬೇಕೆಂದು ಲೆಕ್ಕ ಹಾಕಿ ಹೇಳಬಲ್ಲಳು.

ತರಗತಿಯ ಕಿಟಕಿಗಳನ್ನು ಮುಚ್ಚಿ, ಒಂದೇ ಬಾಗಿಲು ತೆರೆದಿಡಿ. ಒಬ್ಬ ವರಾಂಡದ ಬಿಸಿಲಿಗೆ ಕನ್ನಡಿ ಹಿಡಿಯಲಿ, ಇನ್ನೊಬ್ಬಳು ಒಳಗೆ ಬೆಂಚಿನ ಮೇಲೆ ನಿಂತು ಆ ಬೆಳಕನ್ನು ನೆಲಕ್ಕೆ ಇಳಿಸಲಿ. ನೆಲದ ಮೇಲೆ ಬೆಳಕಿನ ತುಂಡು ಬೀಳುತ್ತದೆ, ಆದರೆ ಕಂಬ ಸರಿಯಾಗಿ ಕಾಣುವುದಿಲ್ಲ. ಆಗ ಯಾರಾದರೂ ಡಸ್ಟರನ್ನು ಗೋಡೆಗೆ ಬಡಿಯಲಿ. ಸೀಮೆಸುಣ್ಣದ ಪುಡಿ ಎದ್ದ ಕೂಡಲೇ ಗಾಳಿಯಲ್ಲಿ ಕಂಬ ಮೂಡುತ್ತದೆ. ಪಕ್ಕದಲ್ಲಿ ಹಾದುಹೋಗುವ ಬೆಳಕು ಏನಕ್ಕಾದರೂ ತಾಗಿ ಚದುರಿದರೆ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಮಕ್ಕಳು ಇನ್ನೆಂದೂ ಮರೆಯುವುದಿಲ್ಲ. ಶೂಟಿಂಗ್‌ನಲ್ಲಿ ಹೊಗೆ ಬಿಡುವುದು ಯಾಕೆಂಬ ಪ್ರಶ್ನೆಗೂ ಅಲ್ಲೇ ಉತ್ತರ.

ಕನ್ನಡಿಗಳನ್ನು ಕದಲದಂತೆ ಕಟ್ಟಿ, ನೆಲದ ಬೆಳಕಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯಲು ಹೇಳಿ. ನಾಲ್ಕು ನಿಮಿಷ ಕಾಯಿರಿ. ಭೂಮಿ ಅಷ್ಟರಲ್ಲಿ ಒಂದು ಡಿಗ್ರಿ ತಿರುಗಿರುತ್ತದೆ, ಬೆಳಕು ಗೆರೆ ಬಿಟ್ಟು ಸರಿದಿರುತ್ತದೆ. ಹತ್ತು ಮೀಟರ್ ದೂರದಲ್ಲಿ ಆ ಒಂದು ಡಿಗ್ರಿಯೆಂದರೆ ಸುಮಾರು 17 ಸೆಂಟಿಮೀಟರ್. ಸೂರ್ಯನನ್ನು ದೀಪ ಮಾಡಿಕೊಂಡವರು ಅವನ ವೇಳಾಪಟ್ಟಿಗೆ ಹೊಂದಿಕೊಳ್ಳಲೇಬೇಕು. ತಾಲೀಮು ಮೊದಲೇ ಮುಗಿದಿರಬೇಕು, ನಟರು ಜಾಗದಲ್ಲಿರಬೇಕು, ಕನ್ನಡಿ ಹಿಡಿದವರ ಕಣ್ಣು ಗೆರೆಯ ಮೇಲಿರಬೇಕು. ಪ್ರೊಡಕ್ಷನ್ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ.

ಆಮೇಲೆ ಮೊಬೈಲ್ ಕೈಗೆತ್ತಿಕೊಳ್ಳಲಿ. ಫೋನು ಕತ್ತಲ ಕೋಣೆಯನ್ನು ಕಂಡರೆ ಎಲ್ಲವನ್ನೂ ಬೆಳಗಿಸಲು ನೋಡುತ್ತದೆ, ಕಂಬ ಬಿಳಿಚಿಕೊಳ್ಳುತ್ತದೆ. ಪರದೆಯಲ್ಲಿ ಬೆಳಕಿನ ಕಂಬದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಇಳಿಸಿದರೆ ಗೋಡೆ ಕಪ್ಪಾಗಿ, ಕಂಬ ಎದ್ದು ನಿಲ್ಲುತ್ತದೆ. ಯಾವುದನ್ನು ಕತ್ತಲಲ್ಲಿ ಬಿಡಬೇಕು ಎಂದು ತೀರ್ಮಾನಿಸುವುದೇ ಛಾಯಾಗ್ರಾಹಕರ ಕೆಲಸ.

ಮೂರ್ತಿ ಓದಿದ ಪಾಲಿಟೆಕ್ನಿಕ್‌ನಲ್ಲೇ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ, ಮುಂಬಯಿಗೆ ಬಂದು ಮೂರ್ತಿಯವರ ಕೈಕೆಳಗೆ ಪಳಗಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. ಹೀಗೆ ಒಂದು ತರಗತಿಯ ಪಾಠ ಎಷ್ಟು ದೂರ ಹೋಗಬಲ್ಲದೆಂದು ಕನ್ನಡಿಗರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಕಟ್ಟಿದಂತೆ, ಮುಂಬಯಿಯ ಲೋಕಲ್ ರೈಲಿನ ಹಾದಿಯಲ್ಲಿ ಸಂಘ ಕಟ್ಟಿದ ಕನ್ನಡಿಗರು ಶಾಲೆಯನ್ನೂ ಕಟ್ಟಿದ್ದಾರೆ. ರಜೆಯಲ್ಲಿ ಸಿನಿಮಾ ಶಿಬಿರ ಮಾಡುವ ಮನಸ್ಸಿದ್ದರೆ ಬಾಡಿಗೆ ಕ್ಯಾಮೆರಾಕ್ಕೆ ದುಡ್ಡು ಕೂಡಿಸುತ್ತ ಕೂರಬೇಡಿ. ಎರಡು ಕನ್ನಡಿ, ಒಂದು ಡಸ್ಟರ್, ಮನೆಯಲ್ಲಿರುವ ಒಂದು ಫೋನು ಸಾಕು; ಬಿಸಿಲು ಹೇಗೂ ಇದ್ದೇ ಇದೆ. ಮೊದಲ ದಿನವೇ ಮಕ್ಕಳು ಒಂದು ಒಳ್ಳೆಯ ಶಾಟ್ ತೆಗೆದು ಮನೆಗೆ ಹೋಗುತ್ತಾರೆ.