ಚರ್ಮದ ಗಂಟು: ಒಳಗಿನ ಕ್ಯಾನ್ಸರ್‌ನ ಸುಳಿವೂ ಆಗಬಹುದು

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ಹೋಟೆಲು, ಬ್ಯಾಂಕು, ಕಾರ್ಖಾನೆ ಎಂದು ದುಡಿಯುತ್ತ ನೆಲೆ ನಿಂತ ನಮ್ಮವರಲ್ಲಿ ಒಂದು ಮಾತುಂಟು: ‘ಊರಿಗೆ ಹೋದಾಗ ತೋರಿಸಿದರಾಯಿತು.’ ಸಣ್ಣಪುಟ್ಟ ತುರಿಕೆಗೆ ಇದು ನಡೆದೀತು. ನೋವಿಲ್ಲದೆ, ಗಟ್ಟಿಯಾಗಿ, ವಾರದಿಂದ ವಾರಕ್ಕೆ ಬೆಳೆಯುವ ಗಂಟಿಗೆ ಮಾತ್ರ ನಡೆಯದು.

ದೇಹದೊಳಗಿನ ಕ್ಯಾನ್ಸರ್ ಕಣಗಳು ರಕ್ತ ಅಥವಾ ದುಗ್ಧರಸದ ಮೂಲಕ ಸಾಗಿ ಚರ್ಮದಲ್ಲಿ ನೆಲೆಯೂರುವುದುಂಟು. ಇದು ಅಪರೂಪ. ಹೆಚ್ಚಾಗಿ ಮೊದಲೇ ಕ್ಯಾನ್ಸರ್ ಇದ್ದವರಲ್ಲಿ, ಚಿಕಿತ್ಸೆ ಮುಗಿದು ವರ್ಷಗಳಾದವರಲ್ಲೂ ಕಾಣಿಸುತ್ತದೆ. ಕೆಲವರಲ್ಲಿ ಇದೇ ಮೊದಲ ಸುಳಿವು. ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಎದೆಯ ಚರ್ಮಕ್ಕೆ ಹಬ್ಬುವುದೇ ಹೆಚ್ಚು. ಪುರುಷರಲ್ಲಿ ಶ್ವಾಸಕೋಶ, ದೊಡ್ಡ ಕರುಳಿನ ಕ್ಯಾನ್ಸರ್ ಮುಖ್ಯ. ನೆತ್ತಿಯ ಮೇಲಿನ ಗಂಟಿಗೆ ಶ್ವಾಸಕೋಶ ಅಥವಾ ಮೂತ್ರಪಿಂಡ ಮೂಲವಾಗಿರಬಹುದು.

ಹೊಕ್ಕುಳಿನ ಗಂಟಿಗೆ ಒಬ್ಬ ದಾದಿಯ ಹೆಸರಿದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಡಾ. ವಿಲಿಯಂ ಮೇಯೊ ಅವರ ಸಹಾಯಕಿಯಾಗಿದ್ದ ಸಿಸ್ಟರ್ ಮೇರಿ ಜೋಸೆಫ್, ಶಸ್ತ್ರಚಿಕಿತ್ಸೆಗೆ ರೋಗಿಯ ಹೊಟ್ಟೆ ಶುಚಿಗೊಳಿಸುವಾಗ ಹೊಕ್ಕುಳಲ್ಲಿ ಗಟ್ಟಿ ಗಂಟಿದ್ದರೆ ಒಳಗೆ ಕ್ಯಾನ್ಸರ್ ಹರಡಿರುವುದನ್ನು ಗಮನಿಸಿದರು. ಅವರು 1939ರಲ್ಲಿ ತೀರಿಕೊಂಡರು. 1949ರಲ್ಲಿ ಹ್ಯಾಮಿಲ್ಟನ್ ಬೈಲಿ ಅದಕ್ಕೆ ಅವರ ಹೆಸರನ್ನಿಟ್ಟರು. ಹೊಟ್ಟೆ, ಕರುಳು, ಅಂಡಾಶಯದ ಕ್ಯಾನ್ಸರ್ ಹೀಗೆ ಹೊರಗೆ ಕಾಣಿಸಿಕೊಳ್ಳಬಹುದು.

ಹೆದರಬೇಕಾಗಿಲ್ಲ. ನಮ್ಮ ಮೈಮೇಲಿನ ಗಂಟುಗಳಲ್ಲಿ ಹೆಚ್ಚಿನವು ಬರೀ ಕೊಬ್ಬಿನ ಗಂಟುಗಳು. ಆದರೆ ಯಾವುದು ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಹೇಳಬೇಕು. ಸುಣ್ಣ ಹಚ್ಚುವುದು, ಸೊಪ್ಪು ಕಟ್ಟುವುದು, ಹಿಚುಕುವುದು ಬೇಡ. ಮದ್ದು ಹಚ್ಚಿದರೂ ಇಳಿಯದ ಎದೆಯ ಕೆಂಪನ್ನು ನಾಚಿಕೆಯಿಂದ ಮುಚ್ಚಿಡುವುದೂ ಬೇಡ.

ಇದಕ್ಕಾಗಿ ಬೆಂಗಳೂರಿನ ಕಿದ್ವಾಯಿ ತನಕ ಕಾಯಬೇಕಿಲ್ಲ. ವಿಶಾಖಪಟ್ಟಣದಲ್ಲಿ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ. ಅಗನಂಪೂಡಿಯಲ್ಲಿ ಟಾಟಾ ಮೆಮೋರಿಯಲ್ ಕೇಂದ್ರದ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆಯಿದೆ. ವಿಜಯವಾಡದವರು ಮೊದಲ ತಪಾಸಣೆಗೆ ಸರಕಾರಿ ಜನರಲ್ ಆಸ್ಪತ್ರೆಗೆ ಹೋಗಬಹುದು. ಮುಂದೆ ಊರಿನಲ್ಲೇ ಚಿಕಿತ್ಸೆ ಮಾಡಿಸುವುದಾದರೆ ಬಯಾಪ್ಸಿ ವರದಿಯ ಜೊತೆ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಹಿಂದೆ ಕ್ಯಾನ್ಸರ್ ಆಗಿದ್ದರೆ, ಎಷ್ಟೇ ಹಳೆಯದಾಗಿದ್ದರೂ, ವೈದ್ಯರಿಗೆ ತಿಳಿಸಿ.

ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರಿಗೆ ತೆಲುಗು ಬಾರದು. ಆಸ್ಪತ್ರೆಯಲ್ಲಿ ಹೇಳಿಕೊಳ್ಳಲಾಗದೆ ಸುಮ್ಮನಿದ್ದುಬಿಡುತ್ತಾರೆ. ಸಂಘದ ಸದಸ್ಯರೊಬ್ಬರು ಜೊತೆಗೆ ಹೋಗಿ ಎರಡು ಮಾತು ತೆಲುಗಿನಲ್ಲಿ ಹೇಳಿಕೊಟ್ಟರೆ ಅದೇ ದೊಡ್ಡ ಉಪಕಾರ.